ಹಳದಿ ಬಾವುಟ

‘ಪ್ರಯಾಣದಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?’ ಎಂಬ ಪ್ರಶ್ನೆಯ ಮುಂದೆ ಪ್ರೇಮ್‌ಕುಮಾರ್ ‘ಹೌದು, ಒಬ್ಬರು’ ಎಂದು ಬರೆದುಬಿಟ್ಟ. ಬರೆದ ಮೇಲೆ ಎದೆ ಹಗುರವಾಯಿತು.

ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ ದೇಶಕ್ಕೆ ಸ್ವಂತ ವಿಹಾರನೌಕೆಯಲ್ಲಿ ಹೋಗುವವರಿಗಾಗಿ ಒಂದು ಕೈಪಿಡಿ. ಅದರ ಕರಡು ತಿದ್ದುವುದು ಇಂದಿರಾನಗರದ ಈ ಆಫೀಸಿನ ಕೆಲಸ. ಮಾದರಿ ಫಾರಂ ತುಂಬುವುದು ಇವನ ಪಾಲು. ಸಮುದ್ರವಿರಲಿ, ಹಲಸೂರು ಕೆರೆಯ ದೋಣಿಯನ್ನೂ ಹತ್ತದ ಹನ್ನೆರಡು ಜನ ಅಲ್ಲಿ ಕೂತು ಶ್ರೀಮಂತರಿಗೆ ಲಂಗರು ಹಾಕುವ ಕ್ರಮ ಹೇಳಿಕೊಡುತ್ತಿದ್ದರು.

ನಿಯಮಗಳು ಅಚ್ಚುಕಟ್ಟಾಗಿದ್ದವು. ಬಂದರಿಗೆ ಬಂದ ನೌಕೆ ಹಳದಿ ಬಾವುಟ ಏರಿಸಬೇಕು. ಕಪ್ತಾನನೊಬ್ಬನೇ ಕಾಗದಪತ್ರ ಹಿಡಿದು ಇಳಿಯಬಹುದು. ನೌಕೆಯಲ್ಲಿ ರೋಗ, ಸಾವು ಇಲ್ಲವೆಂದು ಅಧಿಕಾರಿಗಳು ಬಂದು ನೋಡಿ ಒಪ್ಪುವ ತನಕ ಉಳಿದವರು ದಡ ಮುಟ್ಟುವಂತಿಲ್ಲ. ಒಪ್ಪಿದರೆ ಬಾವುಟ ಇಳಿಸಬಹುದು.

ಆ ಜನ ಸೂತಕವನ್ನು ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ ಎಂದುಕೊಂಡ. ಅವನಿಗೆ ಹನ್ನೊಂದು ದಿನ. ಹೆಂಡತಿ ಧನಲಕ್ಷ್ಮಿ ಹೋಗಿ ಇಂದಿಗೆ ಐದು. ಹಾಲುತುಪ್ಪ ಮುಗಿಸಿ ಬಂಧುಗಳು ಕೆ.ಆರ್. ಪುರದ ಬಸ್ಸು ಹತ್ತಿದ ಮೇಲೆ, ಜೋಗುಪಾಳ್ಯದ ಮನೆಯ ಗೋಡೆಗಳನ್ನು ನೋಡಲಾರದೆ ಕೆಲಸಕ್ಕೆ ಬಂದಿದ್ದ. ಫೋನಿನಲ್ಲಿ ರಜೆ ಕೇಳುವಾಗ ಸಾವಿನ ಮಾತಿಗೆ ನಾಲಗೆ ಏಳದೆ, ಜ್ವರ ಎಂದಿದ್ದ.

ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೇಲಧಿಕಾರಿ ಸುನಿಲ್ ಫಾರಂ ನೋಡಿ ನಕ್ಕ.

“ಏನ್ ಸರ್, ಸ್ಯಾಂಪಲ್ ಫಾರಂನಲ್ಲೇ ಹೆಣ ಬೀಳ್ಸಿಬಿಟ್ರಿ?”

“ಯಾಕೆ, ಆಗೋದೇ ಇಲ್ವಾ?”

“ಆಗತ್ತೆ. ಪ್ರಿಂಟ್ ಮಾಡಲ್ಲ ಅಷ್ಟೆ. ‘ಇಲ್ಲ’ ಅಂತ ಹಾಕಿ. ಜ್ವರ ಇನ್ನೂ ಬಿಟ್ಟಿಲ್ವಾ ನಿಮ್ಗೆ?”

“ಬಿಡ್ತು.”

‘ಹೌದು’ ಹೊಡೆದುಹಾಕಿ ‘ಇಲ್ಲ’ ಎಂದು ಬರೆದ. ಒಂದೇ ಗೀಟಿಗೆ ನೌಕೆ ಶುದ್ಧವಾಯಿತು.

ಅಷ್ಟರಲ್ಲಿ ಪಕ್ಕದ ಮೇಜಿನ ಹಂಸ, ಸೋಮೇಶ್ವರನ ಪ್ರಸಾದವೆಂದು ಕೊಬ್ಬರಿ ಚೂರೊಂದನ್ನು ಅವನ ಅಂಗೈಗೆ ಒತ್ತಿದಳು.

“ಮನೇಲಿ ಅಕ್ಕ ಚೆನ್ನಾಗಿದ್ದಾರಾ ಸರ್? ಅವ್ರಿಗೂ ಕೊಡಿ.”

“ಹ್ಞೂಂ.”

ಸೂತಕದವನು ಪ್ರಸಾದ ತಿನ್ನುವಂತಿಲ್ಲ, ಎಸೆಯುವಂತೆಯೂ ಇಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದ. ಹಂಸ ಆಗಲೇ ಮುಂದಿನ ಮೇಜಿನಲ್ಲಿದ್ದಳು. ಅವನ ಅಂಗೈ ತಾಕಿದ ಬೆರಳಿನಿಂದಲೇ ಉಳಿದ ಹತ್ತು ಜನಕ್ಕೂ ಹಂಚುತ್ತಿದ್ದಳು.

ಸಂಜೆ ಮನೆಯ ತಾರಸಿ ಹತ್ತಿದ. ಕಡೆಯ ದಿನ ಬೆಳಿಗ್ಗೆ ಧನಲಕ್ಷ್ಮಿ ಒಗೆದು ಹಾಕಿದ್ದ ಹಳದಿ ಸೀರೆ ತಂತಿಯ ಮೇಲೆ ಹಾಗೇ ಇತ್ತು. ಎದುರು ತಾರಸಿಯಿಂದ ನೆರೆಯ ಶಂಶುನ್ನೀಸಾ ಕೂಗಿದಳು.

“ಭಾಯ್, ಸೀರೆ ತೆಗೀರಿ. ಬಿಸಿಲಿಗೆ ಬಣ್ಣ ಹೋಗ್ತೈತೆ.”

“ಬಂದು ನೋಡ್ಲಿ. ಆಮೇಲೆ ತೆಗೀತೀನಿ.”

“ಯಾರು ಬರ್ಬೇಕು?”

ಅವನು ಬೆವೆತ ಮುಷ್ಟಿಯಲ್ಲಿ ಕೊಬ್ಬರಿ ಚೂರು ಹಿಡಿದು ನೀರಿನ ತೊಟ್ಟಿಯ ಮೇಲೆ ಕೂತ. ಸೀರೆ ಗಾಳಿಗೆ ಪಟಪಟನೆ ಬಡಿಯುತ್ತಿತ್ತು. ಕೆಳಗೆ ಬೀದಿಯ ತುಂಬ ಜನ. ಒಬ್ಬರೂ ತಲೆಯೆತ್ತಿ ನೋಡಲಿಲ್ಲ.