ಕೊನೆಯ ಸೈಕಲ್ಲಿನ ಹಿಂದಿನ ವ್ಯಾನು

ಹೊಸಕೆರೆಹಳ್ಳಿಯ ಬೋರಣ್ಣ ಬಾಯಿ ತೆರೆದರೆ ಅರ್ಧ ಸುಳ್ಳು ಬರುತ್ತದೆ, ಬಾಯಿ ಮುಚ್ಚಿಸಿದರೆ ಉಳಿದರ್ಧ ಮೂಗಿನಿಂದ ಬರುತ್ತದೆ ಎಂದು ಅವನ ಬೀದಿಯವರೇ ಹೇಳುತ್ತಿದ್ದರು. ಎರಡು ಸಾವಿರದ ನಾಲ್ಕರಲ್ಲಿ ಅವನಿಗೆ ಸಿಕ್ಕ ಬಾಡಿಗೆ ಮಾತ್ರ ಅವನ ಸುಳ್ಳುಗಳಿಗಿಂತ ವಿಚಿತ್ರವಾಗಿತ್ತು. ತಲಕಾವೇರಿಯಿಂದ ಜಯನಗರದವರೆಗೂ ತನ್ನ ಮೆಟಡಾರ್ ವ್ಯಾನನ್ನು ಸೈಕಲ್ಲಿನ ಹಿಂದೆ, ಸೈಕಲ್ಲಿನಷ್ಟೇ ನಿಧಾನವಾಗಿ ಓಡಿಸಬೇಕು. ಮಡಿಕೇರಿ ಇಳಿದು, ಮೈಸೂರು ದಾಟಿ, ಮಳವಳ್ಳಿ ಮುಟ್ಟುವ ಹೊತ್ತಿಗೆ ಆ ವ್ಯಾನು ತನಗೆ ಮೂರನೆಯ ಗೇರು ಅಂತೊಂದು ಇತ್ತೆಂಬುದನ್ನೇ ಮರೆತುಬಿಟ್ಟಿತ್ತು.

ಬಾಡಿಗೆ ಕೊಟ್ಟವರು ಜಯನಗರದ ಚಕ್ರಪಾಣಿಯವರು. ವಿಮೆ ಕಚೇರಿಯಿಂದ ನಿವೃತ್ತರಾದ ಮನುಷ್ಯ, ಮಾತು ಕಡಿಮೆ, ಪಂಚಾಂಗ ಜಾಸ್ತಿ. ದೊಡ್ಡಾಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ಬರುವ ಪರವೂರಿನವರು ವರಾಂಡದಲ್ಲಿ, ಫುಟ್‌ಪಾತಿನಲ್ಲಿ ಮಲಗುವುದನ್ನು ನೋಡಲಾರದೆ, ಅವರಿಗೊಂದು ಛತ್ರ ಕಟ್ಟಿಸಲು ಹಣ ಕೂಡಿಸಲೆಂದು ಈ ಸೈಕಲ್ ಯಾತ್ರೆ ಹೂಡಿದ್ದರು. ಸವಾರರು ಹದಿನೈದು ಮಂದಿ. ಮುಂದೆ ಸ್ಕೂಟರಿನಲ್ಲಿ ಚಕ್ರಪಾಣಿ. ಎಲ್ಲರ ಹಿಂದೆ ವ್ಯಾನು. ವ್ಯಾನಿನೊಳಗೆ ಅಕ್ಕಿಮೂಟೆ, ಪಾತ್ರೆ, ಪಂಪು, ಟ್ಯೂಬು, ಜೊತೆಗೆ ಅಡುಗೆಯ ಸಿದ್ದಗಂಗಮ್ಮ. ಯಾತ್ರೆಗೆ ಇದ್ದದ್ದು ಒಂದೇ ನಿಯಮ: ಕೊನೆಗೆ ಜಯನಗರದ ಮೈದಾನದೊಳಕ್ಕೆ ಎಲ್ಲರೂ ಒಟ್ಟಿಗೇ ಹೋಗಬೇಕು.

ಹದಿನೈದರಲ್ಲಿ ಹದಿನೈದನೆಯವಳು ಮಧುಮತಿ. ಕುಷ್ಟಗಿ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಕೋಣೆ, ಒಂದು ಆಫೀಸಿನಲ್ಲಿ ಟೆಲಿಫೋನು ಎತ್ತುವ ಕೆಲಸ. ಉಳಿದವರದು ಗೇರಿನ ಸೈಕಲ್ಲು, ಇವಳದು ಮುಂದೆ ಬುಟ್ಟಿ ಇದ್ದ ಹಳೆಯ ಲೇಡೀಸ್ ಸೈಕಲ್ಲು. ಮೊದಲ ದಿನದಿಂದಲೇ ಅವಳು ಕೊನೆ. ಹಾಗಾಗಿ ಬೋರಣ್ಣನಿಗೆ ದಾರಿಯುದ್ದಕ್ಕೂ ಕಂಡ ದೃಶ್ಯವೆಂದರೆ ಅವಳ ಬೆನ್ನು, ಅವಳ ಜಡೆ, ಮತ್ತು ಕುಯ್ಯೋ ಎನ್ನುವ ಆ ಹಿಂದಿನ ಚಕ್ರ.

ಎರಡನೆಯ ದಿನ ಒಂದು ಏರಿನಲ್ಲಿ ಅವಳು ಇನ್ನೇನು ಬಿದ್ದಾಳು ಎನ್ನುವಾಗ ಬೋರಣ್ಣ ವ್ಯಾನನ್ನು ಅವಳ ಪಕ್ಕಕ್ಕೆ ತಂದು, ಎಡಗಡೆ ಕಿಟಕಿಯಿಂದ ಕೂಗಿದ್ದ.

"ಮೇಡಂ, ನಮ್ಮಜ್ಜ ಒಂದ್ಸಲ ಇಂಥದ್ದೇ ಗುಡ್ಡದಿಂದ ಎತ್ತಿನ ಗಾಡಿ ಇಳಿಸ್ದ. ಎಷ್ಟ್ ಜೋರು ಅಂತೀರಾ? ನೆರಳು ಹಿಂದೇನೇ ಉಳ್ಕೊಂಡ್ಬಿಡ್ತು!"

"ಆಮ್ಯಾಲ?" ಎಂದಳು ಮಧುಮತಿ, ಏದುಸಿರಿನಲ್ಲಿ.

"ಆಮೇಲೇನು? ಅಜ್ಜ ನೆರಳಿಲ್ದೆ ಮನೆಗ್ ಬಂದ. ನಮ್ಮಜ್ಜಿ ಬಾಗ್ಲು ತೆಗೀಲಿಲ್ಲ. ದೆವ್ವ ಅಂದ್ಕೊಂಡ್ಳು."

"ಮತ್ತ?"

"ಆ ಮೈಲಿಕಲ್ಲು ಮುಟ್ಟಿ, ಹೇಳ್ತೀನಿ."

ಅವಳು ಮೈಲಿಕಲ್ಲು ಮುಟ್ಟಿದಳು. ನೆರಳು ಮಾರನೆಯ ದಿನ ಬೆಳಿಗ್ಗೆ ಕಾಲು ನೋಯಿಸಿಕೊಂಡು ಮನೆಗೆ ಬಂತೆಂದೂ, ಅಜ್ಜಿ ಅದಕ್ಕೆ ಬಿಸಿನೀರು ಕಾಯಿಸಿಕೊಟ್ಟಳೆಂದೂ ಬೋರಣ್ಣ ಹೇಳಿ ಮುಗಿಸಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಏರು ಬಂದರೆ ಕತೆ ಶುರು, ಮೈಲಿಕಲ್ಲು ಬಂದರೆ ಕತೆಯ ಬಾಲ. ಹೊಸಕೆರೆಹಳ್ಳಿ ಕೆರೆಯಲ್ಲಿ ಹಿಡಿದ ಮೀನಿನ ಹೊಟ್ಟೆಯಲ್ಲಿ ಬಸ್‌ಪಾಸು ಸಿಕ್ಕಿ, ಅದರ ವಾಯಿದೆ ಇನ್ನೂ ಮುಗಿದಿರದ ಕಾರಣ ಊರಿಗೆ ಊರೇ ತಿಂಗಳೊಪ್ಪತ್ತು ಪುಕ್ಕಟೆ ತಿರುಗಿದ ಕತೆ ಮೈಸೂರಿನಿಂದ ಬನ್ನೂರಿನವರೆಗೆ ಸಾಕಾಗಿತ್ತು.

"ಡೀಸೆಲ್‌ಗಿಂತ ಜಾಸ್ತಿ ನಿನ್ ಸುಳ್ಳೇ ಖರ್ಚಾಗ್ತಾ ಐತಲ್ಲೋ," ಎನ್ನುತ್ತಿದ್ದಳು ಸಿದ್ದಗಂಗಮ್ಮ.

"ಅದುಕ್ ರೇಟ್ ಏರಲ್ಲ ಬಿಡಕ್ಕ."

ಕೊನೆಯ ದಿನ ಭಾನುವಾರ. ಹಾರೋಹಳ್ಳಿಯಲ್ಲಿ ಮಧ್ಯಾಹ್ನದ ಊಟ. ಮಧುಮತಿ ತಟ್ಟೆ ಹಿಡಿದು ಕೂರಲೂ ಆಗದೆ ಮರಕ್ಕೆ ಒರಗಿ ನಿಂತೇ ಉಣ್ಣುತ್ತಿದ್ದಳು. ಬಲಗಾಲ ಮಂಡಿ ಊದಿ ಬೆಲ್ಲದಚ್ಚಿನಂತಾಗಿತ್ತು. ಚಕ್ರಪಾಣಿಯವರು ಬೋರಣ್ಣನನ್ನು ಪಕ್ಕಕ್ಕೆ ಕರೆದರು.

"ನೋಡಪ್ಪ, ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಅಷ್ಟರೊಳಗೆ ನಾವು ಮೈದಾನದ ಒಳಗಿರ್ಬೇಕು. ಇಂಥ ಒಳ್ಳೇ ಕೆಲಸ ರಾಹುಕಾಲದಲ್ಲಿ ಮುಗಿಸೋದಾ? ಶಾಂತಂ ಪಾಪಂ!"

"ಆಯ್ತು ಸಾರ್."

"ಆ ಹುಡುಗಿ ಹಿಂದೆ ಬಿದ್ರೆ ತಲಘಟ್ಟಪುರದಲ್ಲಿ ವ್ಯಾನಿಗೆ ಹತ್ತಿಸ್ಕೊಂಡ್ಬಿಡು. ಮೈದಾನದ ಹತ್ರ ಇಳಿಸಿದ್ರೆ ಆಯ್ತು. ಎಲ್ಲರ ಜೊತೆ ತುಳ್ಕೊಂಡೇ ಒಳಗೆ ಬರ್ಲಿ. ಯಾರಿಗ್ ಗೊತ್ತಾಗತ್ತೆ?"

ಬೋರಣ್ಣ ತಲೆ ಅಲ್ಲಾಡಿಸಿದ. ಆ ಅಲ್ಲಾಡಿಕೆ ಹೂಂ ಎಂದೂ ಕಾಣುತ್ತಿತ್ತು, ಊಹೂಂ ಎಂದೂ ಕಾಣುತ್ತಿತ್ತು.

ಕಗ್ಗಲೀಪುರ ದಾಟುವಾಗ ಉಳಿದವರು ಕಣ್ಣಿಗೇ ಕಾಣದಷ್ಟು ಮುಂದೆ ಹೋಗಿದ್ದರು. ಬೋರಣ್ಣನಿಗೆ ಹೇಳದೆ ವಿಧಿಯಿರಲಿಲ್ಲ. ವ್ಯಾನು ಪಕ್ಕಕ್ಕೆ ತಂದು ಹೇಳಿದ. ಮಧುಮತಿ ತುಳಿಯುವುದನ್ನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ನಮ್ಮವ್ವ ಮೂರು ತಿಂಗಳು ಆ ದವಾಖಾನಿಯೊಳಗಿದ್ಲು ಅಣ್ಣಾರ. ನಾ ವರಾಂಡದಾಗ ಇದ್ದೆ. ಅಲ್ಲಿ ಕುಂತು ಏನ್ ಮಾಡಿದೆ ಹೇಳ್ರಿ? ಚಾ ತರೂದು, ಚೀಟಿ ತೋರ್ಸೂದು, ಮತ್ತ ಕುಂದ್ರೂದು. ನನ್ನ ಕೈಲೆ ಅಕಿಗೆ ಒಂದು ಕೆಲಸಾನೂ ಪೂರಾ ಮಾಡಾಕ ಆಗ್ಲಿಲ್ಲ. ಇದೊಂದರ ಪೂರಾ ಮಾಡ್ತೀನಿ. ವ್ಯಾನಿನ್ಯಾಗ ಕುಂದ್ರಂಗಿಲ್ಲ ನಾ."

"ಯಾರಿಗೂ ಗೊತ್ತಾಗಲ್ವಂತೆ, ಮೇಡಂ."

"ನನಗ ಗೊತ್ತಾಕ್ಕೈತಲ್ಲ?"

ಬೋರಣ್ಣ ವ್ಯಾನನ್ನು ಹಿಂದಕ್ಕೆ ಬಿಟ್ಟುಕೊಂಡ.

ತಲಘಟ್ಟಪುರದ ಹತ್ತಿರ ಸಿದ್ದಗಂಗಮ್ಮನ ಮಡಿಲಲ್ಲಿದ್ದ ಮೊಬೈಲು ಹಾಡಿತು. ಅವಳು ಕೆಂಡ ಮುಟ್ಟಿದವಳಂತೆ ಅದನ್ನು ಬೋರಣ್ಣನ ಕಿವಿಗಿಟ್ಟಳು.

"ಹತ್ತಿಸ್ಕೊಂಡ್ಯೇನಪ್ಪಾ?" ಚಕ್ರಪಾಣಿಯವರ ದನಿ.

"ಹಲೋ? ಹಲೋ ಸಾರ್? ಕೇಳಿಸ್ತಾ ಇಲ್ಲ! ಇಲ್ಲಿ ಸಿಗ್ನಲ್ ಇಲ್ಲ! ಹಲೋ?"

"ನಿನ್ನ ಮಾತು ನನಗೆ ಚೆನ್ನಾಗೇ ಕೇಳಿಸ್ತಿದೆಯಲ್ಲೋ!"

"ಏನೂ ಕೇಳಿಸ್ತಿಲ್ಲ ಸಾರ್, ನಿಮ್ಗೆ ಕೇಳಿಸ್ತಿರೋದೂ ನಂಗೆ ಕೇಳಿಸ್ತಿಲ್ಲ!" ಎಂದು ಬೋರಣ್ಣ ಮೊಬೈಲನ್ನು ಅಕ್ಕಿಮೂಟೆಯೊಳಕ್ಕೆ ತುರುಕಿದ. ಅದು ಅಕ್ಕಿಯೊಳಗಿನಿಂದಲೇ ಕೋಣನಕುಂಟೆಯವರೆಗೂ ಹಾಡುತ್ತಿತ್ತು.

"ನಾಳೆಯಿಂದ ನಿನ್ನ ಯಾರೂ ಬಾಡಿಗೆಗೆ ಕರೆಯಲ್ಲ ನೋಡು," ಎಂದಳು ಸಿದ್ದಗಂಗಮ್ಮ.

"ಕರೀದೆ ಇರ್ಲಿ ಬಿಡು. ಆಯಮ್ಮ ಹತ್ತಲ್ಲ ಅಂದ್ರೆ ನಾನೇನು ಎತ್ತಿ ಹಾಕ್ಲಾ, ಆಲೂಗಡ್ಡೆ ಮೂಟೇನಾ?"

ಕತೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದ. ಕತೆ ಬರಲಿಲ್ಲ. ಅವಳ ಬಲಗಾಲು ಈಗ ಪೆಡಲಿನ ಮೇಲೆ ಸುಮ್ಮನೆ ಸವಾರಿ ಮಾಡುತ್ತಿತ್ತು. ತುಳಿಯುತ್ತಿದ್ದದ್ದು ಎಡಗಾಲೊಂದೇ. ನಡೆದು ಹೋಗುವವರೂ ಅವಳನ್ನು ದಾಟುತ್ತಿದ್ದರು. ಸೊಪ್ಪಿನವಳೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಹುಷಾರು ಕಣವ್ವಾ," ಎಂದು ಹೋದಳು. ಇನ್ನು ಮುಂದಿನವರನ್ನು ಹಿಡಿಯುವುದು ಆಗದ ಮಾತು ಎಂದು ಬೋರಣ್ಣನಿಗೂ ಗೊತ್ತಾಯಿತು.

ಆದರೆ ಸಾರಕ್ಕಿಯ ತಿರುವು ಬಂತು ನೋಡಿ, ಅಲ್ಲಿ ಹದಿನಾಲ್ಕು ಸೈಕಲ್ಲುಗಳೂ ಒಂದು ಸ್ಕೂಟರೂ ಗೂಟಕ್ಕೆ ಕಟ್ಟಿದ ಹಾಗೆ ನಿಂತಿದ್ದವು!

ಆದದ್ದಿಷ್ಟೆ. ಊರೆಲ್ಲ ರಾಹುಕಾಲಕ್ಕೆ ಹೆದರಿ ಮನೆಯೊಳಗೆ ಕೂತರೆ, ಬನಶಂಕರಿ ಅಮ್ಮನ ಗುಡಿಯಲ್ಲಿ ಮಾತ್ರ ಅದೇ ಹೊತ್ತಿಗೆ ಜಾತ್ರೆ. ನಿಂಬೆಹಣ್ಣನ್ನು ಹೋಳು ಮಾಡಿ, ಹಿಂಡಿ, ಸಿಪ್ಪೆಯನ್ನು ಮಗುಚಿ, ತುಪ್ಪದ ಬತ್ತಿಯಿಟ್ಟು ರಾಹುಕಾಲದಲ್ಲೇ ದೀಪ ಹಚ್ಚಬೇಕು. ಆಗಲೇ ಅಮ್ಮ ಕೇಳುತ್ತಾಳೆ. ಜಾಗ ಸಿಗಲೆಂದು ಹೆಂಗಸರೆಲ್ಲ ನಾಲ್ಕು ಗಂಟೆಗೇ ಬಂದು, ಇವರು ಬರುತ್ತಿದ್ದ ಕನಕಪುರ ರಸ್ತೆಯನ್ನು ಈ ಬದಿಯಿಂದ ಆ ಬದಿಗೆ ತುಂಬಿಬಿಟ್ಟಿದ್ದರು. ಅರವತ್ತು ವರ್ಷ ಅದೇ ಊರಿನಲ್ಲಿದ್ದ ಚಕ್ರಪಾಣಿಯವರು ರಾಹುಕಾಲದಿಂದ ತಪ್ಪಿಸಿಕೊಳ್ಳುವ ಅವಸರದಲ್ಲಿ ಅದರ ಬಾಗಿಲಿಗೇ ನೆಟ್ಟಗೆ ಬಂದು ನಿಂತಿದ್ದರು.

ಮಧುಮತಿ ಗುಂಪನ್ನು ಬಂದು ಸೇರಿದಳು. ಯಾರೋ ಚಪ್ಪಾಳೆ ತಟ್ಟಿದರು. ಚಕ್ರಪಾಣಿಯವರು ಗಡಿಯಾರ ನೋಡಿಕೊಂಡರು. ನಾಲ್ಕೂವರೆ ದಾಟಿತ್ತು. ಮುಖ ಕಪ್ಪಿಟ್ಟಿತು.

"ಇನ್ನು ಆರರವರೆಗೆ ಹೋಗೋ ಹಾಗಿಲ್ಲ. ಎಲ್ಲರೂ ಇಲ್ಲೇ ಕೂತ್ಕೊಳ್ಳಿ. ಆರಾದ್ಮೇಲೆ ಹೊರಡೋಣ."

ಹದಿನಾಲ್ಕು ಮಂದಿ ಫುಟ್‌ಪಾತಿನ ಮೇಲೆ ಕುಕ್ಕರಿಸಿದರು. ಮಧುಮತಿ ಹ್ಯಾಂಡಲ್ಲು ಹಿಡಿದು ನಿಂತೇ ಇದ್ದಳು.

"ಕೂತ್ಕೊಳ್ಳಮ್ಮ," ಎಂದರು ಚಕ್ರಪಾಣಿ.

"ಕುಂತ್ರ ನಾ ಮತ್ತ ಏಳಂಗಿಲ್ಲ ಸರ. ಕಾಲು ಬಿಸಿ ಇರೂತನಾ ನಡೀತೈತಿ. ತಣ್ಣಗಾದ್ರ ಮುಗೀತು."

ಬೋರಣ್ಣ ವ್ಯಾನಿನಿಂದ ಇಳಿದು ಬಂದು, ಏನು ಮಾಡುವುದೆಂದು ತಿಳಿಯದೆ ಅವಳ ಸೈಕಲ್ಲಿನ ಸೀಟನ್ನು ಹಿಡಿದುಕೊಂಡ.

"ಒಂದೂವರೆ ಗಂಟೆ, ಅಷ್ಟೆ. ಒಳ್ಳೇ ಕೆಲಸಕ್ಕೆ ಒಳ್ಳೇ ಗಳಿಗೆ ಬೇಡ್ವೇನಮ್ಮ?" ಚಕ್ರಪಾಣಿಯವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು.

ಮಧುಮತಿ ಅವರ ಕಡೆ ತಿರುಗಿದಳು.

"ನಮ್ಮವ್ವನ್ನ ದವಾಖಾನಿಗೆ ಸೇರ್ಸೂ ದಿನಾ ನಾವೂ ಗಳಿಗಿ ನೋಡಿದ್ವಿ ಸರ. ನಮ್ಮ ಕಾಕಾ ಬಿಡ್ಲೇ ಇಲ್ಲ. ಗೇಟಿನ ಹೊರಗ ಆಟೋದಾಗ ತಾಸುಗಟ್ಲೆ ಕುಂತಿದ್ವಿ. ಅವ್ವ ನರಳಾಕತ್ತಿದ್ಲು. ಛಲೋ ಗಳಿಗಿ ಬಂದ್ಮ್ಯಾಲ, ಬಲಗಾಲು ಮುಂದಿಟ್ಟ ಒಳಗ ಹೋದ್ವಿ. ಮೂರು ತಿಂಗಳಿಗೆ ಅವ್ವನ್ನ ಹೊತ್ಕೊಂಡ ಹೊರಗ ಬಂದ್ವಿ."

ಗುಡಿಯ ಕಡೆಯಿಂದ ಗಂಟೆಯ ಸದ್ದು ಬರುತ್ತಿತ್ತು. ಚಕ್ರಪಾಣಿಯವರ ಕೈ ಸ್ಕೂಟರಿನ ಕನ್ನಡಿಯನ್ನು ಸುಮ್ಮನೆ ಅತ್ತಿತ್ತ ತಿರುಗಿಸುತ್ತಿತ್ತು. ಜೀವಮಾನವೆಲ್ಲ ಕೈಹಿಡಿದು ನಡೆಸಿದ ಒಂದು ಭಯವನ್ನು ರಸ್ತೆ ಮಧ್ಯೆ ಬಿಟ್ಟುಹೋಗೆಂದರೆ ಯಾರಿಗೇ ಆಗಲಿ ಕೈ ಸಡಿಲವಾಗುವುದಿಲ್ಲ ಎಂದು ಬೋರಣ್ಣನಿಗೆ ಅನ್ನಿಸಿತು. ಆ ಕ್ಷಣ ಅವನಿಗೆ ಇಬ್ಬರ ಮೇಲೂ ಕನಿಕರ ಬಂತು.

ಅಷ್ಟರಲ್ಲಿ ಜನರ ನಡುವಿನಿಂದ ಕೈಯಲ್ಲಿ ತಟ್ಟೆ ಹಿಡಿದ ಹೆಂಗಸೊಬ್ಬರು ನುಗ್ಗಿಕೊಂಡು ಬಂದರು. ಚಕ್ರಪಾಣಿಯವರ ಹೆಂಡತಿ ಸೀತಾಲಕ್ಷ್ಮಿ. ತಟ್ಟೆಯಲ್ಲಿ ಕುಂಕುಮ, ಹಿಂಡಿದ ನಿಂಬೆಹೋಳು, ತುಪ್ಪದ ವಾಸನೆ.

"ಏನ್ರೀ ಇದು, ಇಲ್ಲೇ ನಿಂತಿದೀರಾ? ಈಗಷ್ಟೇ ದೀಪ ಹಚ್ಚಿ ಬಂದೆ, ಸೈಕಲ್ಲಿನ ಮಕ್ಕಳೆಲ್ಲ ಸುಖವಾಗಿ ಊರು ಸೇರ್ಲಿ ಅಂತ."

"ರಾಹುಕಾಲ ಕಣೇ."

"ರಾಹುಕಾಲಕ್ಕೇ ತಾನೇ ನಾನು ಬಂದಿದ್ದು! ಅಮ್ಮ ಕಿವಿ ತೆರ್ಕೊಂಡು ಕೂತಿರೋ ಹೊತ್ತಲ್ಲಿ ನೀವು ಇಲ್ಲಿ ನಡುಗ್ತಾ ನಿಂತ್ಕೊಂಡ್ರೆ ಆಕೆ ಏನಂದ್ಕೋಬೇಕು?" ಎಂದವರು ಮಧುಮತಿಯ ಮುಖ ನೋಡಿದರು. ಕಾಲು ನೋಡಿದರು. ಅವಳ ಹಣೆಗೆ ಕುಂಕುಮವಿಟ್ಟರು.

ಚಕ್ರಪಾಣಿಯವರು ಇನ್ನೊಮ್ಮೆ ಗಡಿಯಾರ ನೋಡಲಿಲ್ಲ. ಸ್ಕೂಟರ್ ಒದ್ದರು. ಮೂರು ಸಲ ಒದ್ದ ಮೇಲೆ ಅದು ಹೊತ್ತಿಕೊಂಡಿತು. "ಹೊರಡಿ," ಎಂದರು. ಆಮೇಲೆ, "ಈ ಮಗು ಮುಂದೆ ಹೋಗ್ಲಿ. ನಾವೆಲ್ಲ ಅವಳ ಹಿಂದೆ," ಎಂದರು.

ಅವಳ ಕಾಲು ಕಂಡು ಹೆಂಗಸರು ದಾರಿ ಬಿಟ್ಟರು. ಬಾಳೆಎಲೆಯ ಮೇಲೆ, ಕಲ್ಲಿನ ಮೇಲೆ, ಮೋರಿಯ ಅಂಚಿನ ಮೇಲೆಲ್ಲ ನಿಂಬೆಯ ದೀಪಗಳು ಉರಿಯುತ್ತಿದ್ದವು. ಅವುಗಳ ನಡುವೆ ಹದಿನೈದನೆಯ ಸೈಕಲ್ಲು ಮೊದಲನೆಯದಾಗಿ ಹೊರಟಿತು. ಗೇರಿನ ಸೈಕಲ್ಲುಗಳು ಅವಳನ್ನು ದಾಟದಿರಲು ಬ್ರೇಕು ಒತ್ತಿ ಒತ್ತಿ ತೂರಾಡಿದವು. ಎಡಗಾಲು ತುಳಿಯಿತು, ಬಲಗಾಲು ಜೊತೆಗೆ ಹೋಯಿತು. ಬಸ್‌ಸ್ಟಾಪು ದಾಟಿತು, ಜೆ.ಪಿ. ನಗರದ ತಿರುವು ದಾಟಿತು. ಜಯನಗರದ ಸಾಲುಮರಗಳ ಕೆಳಗೆ ಬೋರಣ್ಣನಿಗೆ ಈಗ ಅವಳ ಬೆನ್ನು ಕಾಣುತ್ತಿರಲಿಲ್ಲ. ನಡುವೆ ಅಷ್ಟೊಂದು ಸೈಕಲ್ಲುಗಳಿದ್ದವು. ಕುಯ್ಯೋ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಅದು ನಿಲ್ಲದಿರಲೆಂದು ಅವನು ಸ್ಟಿಯರಿಂಗನ್ನು ಎಷ್ಟು ಹಿಚುಕಿದನೆಂದರೆ, ಹಸುವಾಗಿದ್ದರೆ ಒಂದು ಸೇರು ಹಾಲು ಬರುತ್ತಿತ್ತು.

ಮೈದಾನದಲ್ಲಿ ಶಾಮಿಯಾನವಿತ್ತು, ಬಾಳೆಕಂದು ಕಟ್ಟಿದ ಕಮಾನಿತ್ತು, ಸಾಲು ಸಾಲು ಕುರ್ಚಿಗಳಿದ್ದವು. ಜನರಿರಲಿಲ್ಲ. ಚಕ್ರಪಾಣಿಯವರು ರಾಹುಕಾಲದಲ್ಲಿ ಕಾಲಿಡುವವರಲ್ಲ ಎಂಬುದು ಬಡಾವಣೆಗೇ ಗೊತ್ತಿದ್ದದ್ದರಿಂದ, ನಾಲ್ಕೂವರೆ ಹೊಡೆದ ಕೂಡಲೇ ಎಲ್ಲರೂ ಆರಕ್ಕೆ ಬಂದರಾಯಿತೆಂದು ಕಾಫಿಗೆ ಹೋಗಿದ್ದರು. ಕುರ್ಚಿಗಳ ಮೇಲೆ ಅಡ್ಡ ಮಲಗಿದ್ದ ಶಾಮಿಯಾನದವನೊಬ್ಬ ಎದ್ದು ಕಣ್ಣುಜ್ಜಿಕೊಂಡ.

"ಯಾರ್ರೀ ನೀವು? ಫಂಕ್ಷನ್ನು ಆರ್ ಗಂಟೆಗೆ!"

ಮಧುಮತಿ ಕಮಾನಿನ ಕೆಳಗೆ ಹಾದಳು. ಇನ್ನೂ ನಾಲ್ಕು ಮಾರು ಹೋದಳು. ಆಮೇಲೆ ತುಳಿಯುವುದನ್ನು ನಿಲ್ಲಿಸಿದಳು. ಇಳಿಯಲು ಆಗಲಿಲ್ಲ. ಬೋರಣ್ಣ ವ್ಯಾನನ್ನು ಹಾಗೇ ಬಿಟ್ಟು ಓಡಿಬಂದು ಸೈಕಲ್ಲು ಹಿಡಿದುಕೊಂಡ, ಸಿದ್ದಗಂಗಮ್ಮ ಅವಳನ್ನು ಹಿಡಿದುಕೊಂಡಳು.

"ಆತಲ್ಲ, ಅಣ್ಣಾರ?"

"ಆಯ್ತು ಮೇಡಂ. ಪೂರಾ ಆಯ್ತು."

"ಹಂಗಾರ ಈಗ ಕುಂದರ್ತೀನಿ."

ವ್ಯಾನಿನೊಳಗೆ ಅಕ್ಕಿಮೂಟೆಗೆ ಒರಗಿದವಳು ಸಿದ್ದಗಂಗಮ್ಮ ನೀರಿನ ಚೊಂಬು ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಆರಕ್ಕೆ ಜನ ಬಂದರು, ಅತಿಥಿಗಳು ಬಂದರು, ಹಾರಗಳು ಬಂದವು, ವಾಲಗದವರು ಬಂದು ಡೋಲಿಗೆ ಕೋಲು ಎತ್ತಿದರು. ಚಕ್ರಪಾಣಿಯವರು ಅವರ ಕೈ ಹಿಡಿದು ತಡೆದರು. "ಒಂದು ಮಗು ಮಲಗಿದೆ, ನಿಧಾನ," ಎಂದರು. ಆಮೇಲೆ ಮೈಕಿನ ಮುಂದೆ ಹೋಗಿ, ಅದನ್ನು ಆಫ್ ಮಾಡಿಸಿ, ಬರಿಯ ಬಾಯಲ್ಲಿ ಹೇಳಿದರು:

"ಎಲ್ಲರೂ ಬಂದಾಯ್ತು. ಹದಿನೈದು ಜನ, ಒಟ್ಟಿಗೇ. ರಾಹುಕಾಲದಲ್ಲೇ ಬಂದ್ವಿ."

ಹಿಂದಿನ ಸಾಲಿನವರಿಗೆ ಅದು ಕೇಳಿಸಲಿಲ್ಲ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಣ್ಣ ವ್ಯಾನಿನ ಬಾಗಿಲನ್ನು ಸದ್ದಾಗದಂತೆ ಅರ್ಧ ಎಳೆದು, ಗಾಳಿ ಆಡಲೆಂದು ಅರ್ಧ ಬಿಟ್ಟು, ಅದಕ್ಕೆ ಬೆನ್ನು ಕೊಟ್ಟು ನಿಂತುಕೊಂಡ.