ಲವ್‌ಡೇ ಅತ್ತೆಯ ಮಾತು

ತಿರ್ಜಾ ನನ್ನ ಸೋದರತ್ತೆಯ ಮಗಳು. ಸೀಸದ ಗಣಿಯಿರುವ ನಮ್ಮೂರಿನ ಶಾಲೆಯಲ್ಲಿ ಬಹಳ ವರ್ಷ ಪಾಠ ಹೇಳಿದವಳು. ಎದುರಿಗೆ ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಈಗ ಅವಳಿಲ್ಲ, ಕತೆ ಹೇಳುವುದಕ್ಕೆ ಹೆಸರೇ ಸಾಕು.

ಅವಳು ಹುಟ್ಟಿದ್ದು ಇಲ್ಲಿ ವಿಸ್ಕಾನ್ಸಿನ್‌ನಲ್ಲಲ್ಲ, ದೂರದ ಮೂಡಣದಲ್ಲಿ, ಮ್ಯಾಸಚೂಸೆಟ್ಸ್‌ನ ಒಂದು ಕಲ್ಲುಗಣಿಯ ಊರಿನಲ್ಲಿ. ಅವಳಪ್ಪ ಡಿಗರಿ ಟ್ರೆಂಬಾತ್, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕಡಲು ದಾಟಿ ಬಂದ ಕಲ್ಲುಕುಟಿಗ. ಲವ್‌ಡೇ ಅತ್ತೆ ಮದುವೆಯಾದ ವರ್ಷವೇ ಅವನ ಹಿಂದೆ ಹಡಗು ಹತ್ತಿದಳು. ತಿರ್ಜಾ ಇನ್ನೂ ಚಿಕ್ಕವಳಿದ್ದಾಗ ಬಂಡೆ ಜಾರಿ ಡಿಗರಿ ಸತ್ತ. ಅತ್ತೆ ಗಣಿಯವರ ಬಟ್ಟೆ ಒಗೆದು, ಬ್ರೆಡ್ ಬೇಯಿಸಿ ಮಾರಿ, ಮಗಳನ್ನು ಸಾಕಿದಳು.

ಅತ್ತೆಯ ಮಾತು ಅವಳ ಜೊತೆಗೇ ಹಡಗು ಹತ್ತಿ ಬಂದದ್ದು. ಅದಕ್ಕೆ ಅದರದೇ ಏರಿಳಿತ, ಅದರದೇ ಎಳೆತ. ಶಾಲೆಗೆ ಹೋಗುವ ತನಕ ತಿರ್ಜಾಗೆ ಲೋಕವೆಲ್ಲ ಹೀಗೇ ಮಾತಾಡುತ್ತದೆ ಅಂತಲೇ ತಿಳಿವಳಿಕೆ. ಆದರೆ ಅದು ಹೊಸ ನಿಘಂಟಿನ ಕಾಲ. ಇಂಗ್ಲೆಂಡಿನ ರಾಜನನ್ನು ಓಡಿಸಿದ ಮೇಲೆ ರಾಜನ ಕಾಗುಣಿತ ಯಾಕೆ ಎಂದು ಜನ ಕೇಳುತ್ತಿದ್ದರು. ಪದಗಳಲ್ಲಿ ಕೆಲಸವಿಲ್ಲದೆ ಕೂತಿದ್ದ ಅಕ್ಷರಗಳನ್ನು ಆ ನಿಘಂಟು ಎಬ್ಬಿಸಿ ಕಳಿಸಿತ್ತು. ಲಂಡನ್ನಿನವರು ಕಂಡು ಕೇಳದ ಇಲ್ಲಿಯ ಜೋಳ, ಕುಂಬಳ, ಕಾಡುಪ್ರಾಣಿಗಳ ಹೆಸರಿಗೆ ಮರ್ಯಾದೆಯ ಜಾಗ ಕೊಟ್ಟಿತ್ತು. ಇನ್ನು ಮೇಲೆ ಉತ್ತರದ ಮೇನ್‌ನಿಂದ ದಕ್ಷಿಣದ ಜಾರ್ಜಿಯಾವರೆಗೆ ಮಕ್ಕಳೆಲ್ಲ ಒಂದೇ ರೀತಿ ಬರೆಯಬೇಕು, ಒಂದೇ ರೀತಿ ಆಡಬೇಕು. ಬಾಯಿ ತೆರೆದರೆ ಯಾವ ಮೂಲೆಯವರೆಂದು ತಿಳಿಯಬಾರದು. ಹೀಗೆಂದು ಮೇಷ್ಟ್ರು ಹೇಳಿದಾಗ ತಿರ್ಜಾಳ ಎದೆ ಉಬ್ಬಿತು. ಬಾವಿಕಟ್ಟೆಯಲ್ಲಿ ಹುಡುಗರು ಅವಳಮ್ಮನನ್ನು ಅಣಕಿಸುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಓದಿನಲ್ಲಿ ಚುರುಕಾದ್ದರಿಂದ ಹದಿನೇಳು ತುಂಬುವುದರೊಳಗೆ ಅವಳೇ ಆ ಶಾಲೆಯ ಟೀಚರ್ ಆದಳು. ಶಾಲೆಯ ದೊಡ್ಡ ನಿಘಂಟು ಈಗ ಅವಳ ಕೈಗೆಟುಕುವಂತಿತ್ತು. ಒಂದು ದಿನ ಅದರಲ್ಲಿ ಅಮ್ಮನ ಒಂದು ಮಾತನ್ನು ಹುಡುಕಿ, ಸಿಕ್ಕದೆ, ಮನೆಗೆ ಬಂದು ಹೇಳಿದಳು.

“ಅಮ್ಮಾ, ಇರಬಿ ಅಂತ ಪದವೇ ಇಲ್ಲ. ಇರುವೆ ಅನ್ನು.”

“ಇಲ್ಲಾ ಅಂದ್ರ? ಸಕ್ಕರಿ ಡಬ್ಬ್ಯಾಗ ಹರದಾಡಾಕತ್ತಾವಲ್ಲ, ಅವೇನು ಹಂಗಾರ?” ಎಂದು ಅತ್ತೆ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ಶಾಲಾ ಸಮಿತಿಯವರು ಒಂದು ಸಂಜೆ ಚಹಾಕ್ಕೆ ಬಂದಾಗ, ಅಮ್ಮನಿಗೆ ತಲೆನೋವು, ಮಲಗಿದ್ದಾಳೆ ಎಂದು ತಿರ್ಜಾ ಹೇಳಿದಳು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ನಿಂತಿದ್ದ ಅತ್ತೆಗೆ ಅದು ಕೇಳಿಸಿತು. ಆ ವಾರವೇ ಮಗಳ ಎದುರಿಗೆ ಬಂದು ಕೂತು, “ನನಗೂ ನಿನ್ನ ಮಾತು ಕಲಸು,” ಎಂದಳು.

ಎರಡು ಚಳಿಗಾಲ ಕಲಿತಳು. ಹಟಗಾರ್ತಿ, ಒಮ್ಮೆ ಹಿಡಿದದ್ದನ್ನು ಬಿಡುವವಳಲ್ಲ. ಕೊನೆಗೆ ಹೊಸಬರು ಯಾರಾದರೂ ಬಂದರೆ ಇವಳು ಇಲ್ಲೇ ಹುಟ್ಟಿ ಬೆಳೆದವಳೆಂದುಕೊಳ್ಳುವಷ್ಟು ಮಾತು ನಯವಾಯಿತು. ಹಿಟ್ಟು ನಾದುವಾಗ ಹಾಡಿಕೊಳ್ಳುವುದು ಮಾತ್ರ ನಿಂತಿತು. ಆ ಹಾಡುಗಳು ಹೊಸ ಬಾಯಿಗೆ ಹೊಂದುತ್ತಿರಲಿಲ್ಲ.

ನನ್ನಪ್ಪ ಜೋರಿ ಅವಳ ತಮ್ಮ. ಕಾರ್ನ್‌ವಾಲ್‌ನ ಗಣಿಗಳಲ್ಲಿ ಕೆಲಸ ಕಮ್ಮಿಯಾಗಿ ಇಲ್ಲಿಯ ಸೀಸದ ಗಣಿಗೆ ಹೊರಟವನು ಬಾಸ್ಟನ್‌ನಲ್ಲಿ ಹಡಗಿಳಿದು, ಇಪ್ಪತ್ತು ವರ್ಷದಿಂದ ಕಾಣದ ಅಕ್ಕನನ್ನು ಹುಡುಕಿಕೊಂಡು ಹೋದ. ಬಾಗಿಲು ತೆರೆದ ಹೆಂಗಸು, “ಯಾರು ಬೇಕಾಗಿತ್ತು? ಒಳಗೆ ಬನ್ನಿ, ಕೂತ್ಕೊಳ್ಳಿ,” ಎಂದಳು. ತಪ್ಪು ಮನೆಗೆ ಬಂದೆನೆಂದು ಅಪ್ಪ ಟೋಪಿ ತೆಗೆದು ಕ್ಷಮೆ ಕೇಳಿದನಂತೆ. ಆಮೇಲೆ ಅವಳ ಗದ್ದದ ಗುಳಿ ಕಂಡು, “ಅಕ್ಕಾ, ನಾ ಜೋರಿ,” ಎಂದ. ಅತ್ತೆ ಬಾಯಿ ತೆರೆದಳು. ಹಳೆಯ ಮಾತು ಬರಲಿಲ್ಲ. ಅಪ್ಪನ ತೋಳು ಹಿಡಿದು ಬಾಯಿ ತೆರೆಯುತ್ತ ಮುಚ್ಚುತ್ತ ನಿಂತದ್ದನ್ನು ಅಪ್ಪ ಸಾಯುವ ತನಕ ನಮಗೆ ಹೇಳುತ್ತಿದ್ದ.

ಅಪ್ಪ ಅಲ್ಲಿದ್ದಷ್ಟು ದಿನವೂ ಅತ್ತೆ ಅವನ ಬೆನ್ನು ಬಿಡಲಿಲ್ಲ. ಊರಿನ ಓಣಿಗಳ ಹೆಸರು ಹೇಳಿಸಿದಳು, ಅವ್ವನ ಬೈಗುಳ ಹೇಳಿಸಿದಳು. ಒಂದು ಬೆಳಿಗ್ಗೆ ಅಡುಗೆಮನೆಗೆ ನುಗ್ಗಿದ ಕೋಳಿಯನ್ನು, “ನಿನ್ನ ಹೆಣಾ ಎತ್ತಲಿ, ಹೊರಗ ನಡಿ,” ಎಂದು ತನಗರಿವಿಲ್ಲದೆ ಬೈದಳು. ಅಕ್ಕತಮ್ಮ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಲೆಯ ಹತ್ತಿರ ನಿಂತಿದ್ದ ತಿರ್ಜಾ ನಗಲಿಲ್ಲ. ಅಮ್ಮನ ಆ ದನಿ ಕೇಳಿ ತನಗೆ ಎಷ್ಟು ದಿನವಾಯಿತೆಂದು ಅವಳು ಯೋಚಿಸುತ್ತಿದ್ದಳು.

ಅಪ್ಪ ಹೊರಡುವ ಮುನ್ನಾದಿನ ಅತ್ತೆ ಮಗಳನ್ನು ಕೂರಿಸಿಕೊಂಡು, ಅವಳು ಕಲಿಸಿದ ಮಾತಿನಲ್ಲೇ ಹೇಳಿದಳು. “ನಾನು ಜೋರಿ ಜೊತೆ ಹೋಗ್ತೀನಿ. ಅಲ್ಲಿ ಒಂದು ಬೀದಿ ಪೂರ್ತಿ ನಮ್ಮೋರೇ ಇದಾರಂತೆ.”

“ನಾನೇನ್ ಮಾಡ್ಲಮ್ಮ?”

“ನಿನಗೆ ಶಾಲೆ ಇದೆ. ನಿನ್ನ ಮಾತನ್ನ ದೇಶವೆಲ್ಲ ಆಡುತ್ತೆ, ತಿರ್ಜಾ. ನನ್ನ ಮಾತು ಆಡೋರು ಅಲ್ಲಿ ಮಾತ್ರ ಇರೋದು.”

ತಿರ್ಜಾ ತಡೆಯಲಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ತಪ್ಪು ಮಾತಾಡುವವರು ಯಾರೂ ಉಳಿಯಲಿಲ್ಲ, ಮಾತಾಡುವವರೇ ಉಳಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬಳೇ ನಿಘಂಟು ತೆರೆದು ಅಮ್ಮನ ಪದಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳಂತೆ. ಕೆಲವು ಇದ್ದವು, ಹಲವು ಇರಲಿಲ್ಲ. ಇಲ್ಲದವನ್ನು ಬಾಯಿಬಿಟ್ಟು ಹೇಳಿ ನೋಡುತ್ತಿದ್ದಳು. ಹೇಳಿದರೆ ಅಮ್ಮನ ಹಾಗೆ ಕೇಳಿಸುತ್ತಿರಲಿಲ್ಲ, ಪುಸ್ತಕ ಓದಿದ ಹಾಗೆ ಕೇಳಿಸುತ್ತಿತ್ತು. ಐದು ವರ್ಷ ಹೀಗೆ ಕಳೆದು, ಕೊನೆಗೆ ಕೆಲಸ ಬಿಟ್ಟು, ಕಾಲುವೆಯ ದೋಣಿ, ಸರೋವರದ ಸ್ಟೀಮರು, ಎತ್ತಿನ ಬಂಡಿ ಹತ್ತಿ ಇಳಿದು ನಮ್ಮೂರಿಗೆ ಬಂದಳು.

ನಾನು ಗೋಡೆಯ ಮೇಲೆ ಕೂತಿದ್ದೆ. ಟ್ರಂಕು ಹಿಡಿದ ಒಬ್ಬ ಹೆಂಗಸು ಟ್ರೆಂಬಾತ್ ಅಮ್ಮನವರ ಮನೆ ಯಾವುದೆಂದು ಎಷ್ಟು ತೊಳೆದ ಮಾತಿನಲ್ಲಿ ಕೇಳಿದಳೆಂದರೆ, ಪಾದ್ರಿಯ ಹೆಂಡತಿ ಬಂದಿದ್ದಾಳೆಂದು ಕೂಗುತ್ತ ನಾನು ಓಡಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮಗಳನ್ನು ತಬ್ಬಿಕೊಂಡಳು. ತಬ್ಬಿಕೊಂಡು ಒಂದೇ ಸಮನೆ ಮಾತಾಡಿದಳು. ಅಷ್ಟೂ ನಮ್ಮ ಬೀದಿಯ ಮಾತು. ತಿರ್ಜಾ ಮಧ್ಯೆ ಮಧ್ಯೆ, “ಏನಂದೆ ಅಮ್ಮಾ?” ಎನ್ನುತ್ತಿದ್ದಳು. ಅತ್ತೆ ಇನ್ನೊಮ್ಮೆ ಹೇಳುತ್ತಿದ್ದಳು, ಅದೇ ಮಾತಿನಲ್ಲಿ. ಪುಸ್ತಕದ ಮಾತನ್ನು ಅವಳು ದಾರಿಯಲ್ಲೆಲ್ಲೋ ಇಳಿಸಿ ಬಂದಿದ್ದಳು.

ಆ ಬೇಸಗೆ ಮುಗಿಯುವ ಮೊದಲೇ ಅಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದ. ಊರಿನ ಶಾಲೆಗೆ ಟೀಚರ್ ಇರಲಿಲ್ಲ.

“ನಮ್ಮ ಹುಡುಗ್ರು ಬಾಯಿ ಬಿಟ್ರ ಪ್ಯಾಟ್ಯಾಗ ಮಂದಿ ನಗತಾರ,” ಎಂದ ಅಪ್ಪ. “ಅಂಗಡ್ಯಾಗ ಕೆಲಸಾ ಕೊಡೂದಿಲ್ಲ. ನೀ ಕಲಸವ್ವಾ, ಪುಸ್ತಕದಾಗ ಇದ್ದಂಗ.”

ತಿರ್ಜಾ, “ನಾನು ಕಲಿಸಿದ್ರೆ ಈ ಮಾತು ಉಳಿಯಲ್ಲ, ಮಾವ,” ಎಂದಳು.

“ಮಾತು ಉಳೀತಂದ್ರ ಹುಡುಗ್ರು ಗಣ್ಯಾಗ ಉಳೀತಾವ.”

ಅವಳು ಅಮ್ಮನ ಕಡೆ ನೋಡಿದಳು. ಬೇಡ ಎನ್ನುತ್ತಾಳೆಂದು ಕಾದಳೇನೋ. ಅತ್ತೆ ಮಾಂಸ, ಟರ್ನಿಪ್ ತುಂಬಿದ ಪ್ಯಾಸ್ಟಿಯ ಅಂಚು ಮಡಚುತ್ತಿದ್ದವಳು ತಲೆಯೆತ್ತಿ, “ಇಲ್ಲೇ ಇರು. ನೀ ಕಣ್ಣ ಮುಂದ ಇದ್ರ ಸಾಕು ನನಗ,” ಎಂದಳು.

ತಿರ್ಜಾ ಒಪ್ಪಿಕೊಂಡಳು. ಅಮ್ಮನ ಹತ್ತಿರ ಇರಲು ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಚೆನ್ನಾಗಿಯೇ ಕಲಿಸಿದಳು. ಒಮ್ಮೆ ನಾನು ಇರಬಿ ಎಂದಾಗ ಸ್ಲೇಟಿನ ಮೇಲೆ ಇರುವೆ ಎಂದು ಬರೆಸಿದಳು. ಬರೆದು ತೋರಿಸಲು ಹೋದರೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲೇ ಇಲ್ಲ. ಶಾಲೆಯ ಹೊರಗೆ ಯಾರನ್ನೂ ತಿದ್ದಲಿಲ್ಲ. ಸಂಜೆ ಅತ್ತೆಯ ಹೊಸ್ತಿಲಲ್ಲಿ ಬೀದಿಯ ಹೆಂಗಸರು ಸೇರಿದಾಗ ಹೊಲಿಗೆ ಹಿಡಿದು ಒಂದು ಪಕ್ಕ ಕೂತಿರುತ್ತಿದ್ದಳು. ಸೂಜಿ ಆಡುತ್ತಿರಲಿಲ್ಲ. ಅವರು ಮಾತಾಡುವುದನ್ನು, ಮಳೆ ನೋಡುವವರ ಹಾಗೆ, ನೋಡುತ್ತ ಕೂರುವಳು. ಅಪರೂಪಕ್ಕೆ ತಾನೂ ಒಂದು ಮಾತು ಸೇರಿಸಿದರೆ ಹೆಂಗಸರು ಪ್ರೀತಿಯಿಂದಲೇ ನಗುತ್ತಿದ್ದರು.

ಕೆಲವು ವರ್ಷ ಕಳೆದು ಒಂದು ಚಳಿಗಾಲ ಅತ್ತೆಗೆ ಎದೆ ಕಟ್ಟಿತು. ಕೊನೆಯ ದಿನ ಅಪ್ಪ ಗಣಿಯ ತಳದಲ್ಲಿದ್ದ. ಮನೆಯಲ್ಲಿ ತಿರ್ಜಾ, ನಾನು ಇಬ್ಬರೇ. ಅತ್ತೆ ಮಗಳ ಕೆನ್ನೆ ಮುಟ್ಟಿ ಮೆಲ್ಲಗೆ ಏನೋ ಹೇಳಿದಳು. ತಿರ್ಜಾ ನನ್ನ ಮುಖ ನೋಡಿ, “ಏನಂದ್ಳು, ತಮ್ಸಿನ್?” ಎಂದಳು. ನನಗೂ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ನಾನು ಶಾಲೆಯಲ್ಲಿ ಜಾಣೆಯಾಗಿದ್ದೆ.

ಅಪ್ಪ ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿರ್ಜಾ ಆ ಮಾತನ್ನು ಕೇಳಿಸಿದ ಹಾಗೇ ಅಪ್ಪನಿಗೆ ಹೇಳಿ ತೋರಿಸಿದಳು. ಅಪ್ಪ ಕಿವಿಯ ಹಿಂದೆ ಕೈಯಿಟ್ಟು, ಇನ್ನೊಂದು ಸಲ ಅನ್ನು, ಇನ್ನೊಂದು ಸಲ ಅನ್ನು ಎಂದ. ಅವಳು ಅಂದಳು. ಅವಳ ಬಾಯಲ್ಲಿ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಪ್ಪನಿಗೆ ಗುರುತು ಹತ್ತಲಿಲ್ಲ. ತಲೆಯಾಡಿಸಿ ಅಕ್ಕನ ಕಾಲ ಬಳಿ ಕೂತ.

ಆಮೇಲೂ ತಿರ್ಜಾ ಇಲ್ಲೇ ಇದ್ದಳು. ಗಂಡಸರು ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದರು, ಕಲಿತ ಮಕ್ಕಳು ಪೇಟೆಯ ಅಂಗಡಿ, ಆಫೀಸುಗಳಿಗೆ ಸೇರಿದರು, ಬೀದಿ ತೆಳುವಾಯಿತು. ಒಂದು ಭಾನುವಾರ ಅವಳೂ ನಾನೂ ಪ್ರಾರ್ಥನೆ ಮುಗಿಸಿ ಚ್ಯಾಪಲ್‌ನಿಂದ ಬರುತ್ತಿದ್ದೆವು. ಮುಂದೆ ಇಬ್ಬರು ಮುದುಕರು, ಹಳೆಯ ಗಣಿಯವರು, ಕೋಲೂರಿಕೊಂಡು ಹೋಗುತ್ತಿದ್ದರು. ಆಡುತ್ತಿದ್ದದ್ದು ಅತ್ತೆಯ ಮಾತು, ವಿಷಯ ಇಷ್ಟೇ: ಯಾರದೋ ಹಂದಿಗೆ ಕಾಲು ಉಳುಕಿತ್ತು. ನಮ್ಮ ಮನೆಯ ತಿರುವು ಬಂತು. ತಿರ್ಜಾ ನಿಂತಳು.

“ನೀನು ಮನೆಗೆ ನಡಿ. ನಾನು ಬರ್ತೀನಿ,” ಎಂದಳು.

ತಿರುವಿನಲ್ಲಿ ನಿಂತು ನೋಡಿದೆ. ಅವರಿಗೆ ಗೊತ್ತಾಗದಷ್ಟು ದೂರ ಬಿಟ್ಟು, ದನಿ ಕೇಳುವಷ್ಟು ಹತ್ತಿರದಲ್ಲಿ, ಅವಳು ಅವರ ಹಿಂದೆ ನಡೆದಳು. ಮುದುಕರು ಮೆಲ್ಲಗೆ ನಡೆಯುವವರು. ಅವಳೂ ಹೆಜ್ಜೆ ಮೆಲ್ಲಗೆ ಮಾಡಿಕೊಂಡು, ಬೀದಿಯ ಕೊನೆಯವರೆಗೂ ಹೋದಳು.