ಸಾಕು ಎಂದು ಬರೆದದ್ದು

ತೇನಿಗೆ ನಾವು ಮೂರು ಸಲ ಹೋದೆವು. ಮೊದಲ ಸಲ ಮಗ ವಿಘ್ನೇಶ್ವರನ್ ಬಸ್ಸಿನ ಮುಂದುಗಡೆ ನಿಂತಿದ್ದ. ಸೊಸೆ ಕಲೈಸೆಲ್ವಿ ಕಿಟಕಿ ಪಕ್ಕ, ನಾನು ಅವಳ ಮಗ್ಗುಲಲ್ಲಿ. ನಮ್ಮೂರು ಬೋಡಿಯಿಂದ ಬಸ್ಸು ಹೊರಡುವ ಮೊದಲೇ ನಮ್ಮ ಬೀದಿಯ ಪಾಂಡೀಶ್ವರಿ ಹತ್ತಿದಳು.

"ಏನ್ ಮುತ್ತಮ್ಮಕ್ಕಾ, ಸೊಸೇನ ಡಾಕ್ಟ್ರ ತಾವಕ್ಕಾ?"

"ಇಲ್ಲಮ್ಮಾ, ಕೌನ್ಸೆಲಿಂಗು. ಮನ್ಯಾಗ ಮಾತಾಡ್ಕಳಾದು ಹೇಳ್ಕೊಡ್ತಾರಂತ."

"ಅಯ್ಯಯ್ಯೋ! ಮೀಸೆ ಬಂದ ಗಂಡಸ್ಗ ಮಾತು ಕಲ್ಸಾಕ ಪಳ್ಳಿಕೂಡವಾ?"

ಬಸ್ಸಿನವರೆಲ್ಲ ನಕ್ಕರು. ಕಲೈಸೆಲ್ವಿ ಕಿಟಕಿಯ ಹೊರಗೆ ನೋಡಿದಳು.

ಅದಕ್ಕೆ ಎಂಟು ತಿಂಗಳ ಹಿಂದೆ ಅವಳ ಹೊಟ್ಟೆಯ ಕೂಸು ಆರು ತಿಂಗಳಿಗೇ ಹೋಗಿತ್ತು. ಹೆಣ್ಣುಕೂಸು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ವಿಘ್ನೇಶ್ವರನ್ ಹುಟ್ಟುವ ಮೊದಲು ನನಗೂ ಎರಡು ಹೋಗಿದ್ದವು. ಅಳುತ್ತಿದ್ದ ನನ್ನ ಬಾಯಿಯ ಮೇಲೆ ಅತ್ತೆ ಅಂಗೈ ಇಟ್ಟು "ಸಾಕು" ಎಂದಿದ್ದಳು. ನಮ್ಮ ಮನೆಯಲ್ಲಿ ಸಮಾಧಾನ ಎಂದರೆ ಅಷ್ಟೇ. ಹೆಸರೆತ್ತದೆ ಇರುವುದೇ ದಯೆ ಎಂದು ನಾನು ತಿಳಿದಿದ್ದೆ. ಸೊಸೆ ಬಡವಾಗುತ್ತಾ ಹೋದಳು. ಆಸ್ಪತ್ರೆಯ ನರ್ಸಮ್ಮ ಒಂದು ಚೀಟಿ ಬರೆದುಕೊಟ್ಟು, ಮೂವರೂ ಹೋಗಿ ಎಂದಳು.

ಅಲ್ಲಿ ಕೂತಿದ್ದವಳು ತಿಲಗವತಿ ಅಂತ. ತಮಿಳಿನಲ್ಲಿ ಮೆಲ್ಲಗೆ ಮಾತಾಡುವ ಹೆಂಗಸು. ಮೊದಲ ದಿನ ನನ್ನ ಮಗನನ್ನು ಕೇಳಿದಳು, "ಹೆಂಡತಿ ಹತ್ತಿರ ಕೊನೆಗೆ ಮಾತಾಡಿದ್ದು ಯಾವಾಗ ತಂಬಿ?"

"ನಿನ್ನೆ."

"ಏನಂದ್ರಿ?"

"ಉಣ್ಣಾಕ ಸೋರು ಹಾಕು ಅಂದೆ."

ನಕ್ಕಿದ್ದು ತಿಲಗವತಿಯಲ್ಲ, ಕಲೈಸೆಲ್ವಿ. ಎಂಟು ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೇ ಸಲ ಕೂಸಿನ ಮಾತು ಬಂತು. ಹೆಸರು ಏನಾದರೂ ಯೋಚಿಸಿದ್ದೆಯಾ ಎಂದು ತಿಲಗವತಿ ಕೇಳಿದಳು. "ಮಣಿಮೇಗಲೈ" ಎಂದಳು ಸೊಸೆ. ಒಂದೇ ಅಡುಗೆಮನೆಯಲ್ಲಿದ್ದ ನನಗೂ ಅದು ಗೊತ್ತಿರಲಿಲ್ಲ. ವಿಘ್ನೇಶ್ವರನ್ ಎದ್ದು ಹೊರಗೆ ಹೋದ. ಹೊರಟೇಹೋದ ಎಂದುಕೊಂಡೆ. ಟೀ ಹಿಡಿದು ಬಂದ. ಅವಳದಕ್ಕೆ ಮಾತ್ರ ಸಕ್ಕರೆ ಕಮ್ಮಿ ಹಾಕಿಸಿದ್ದ.

"ಕೈಗೆ ಮಾತು ಬರುತ್ತೆ ಇವರಿಗೆ. ಬಾಯಿಗೆ ಬರಲಿಲ್ಲ ಅಂದ್ರೆ ಫೋನಿನಲ್ಲಿ ಬರೆಯಲಿ. ದಿನಕ್ಕೊಂದು" ಎಂದಳು ತಿಲಗವತಿ.

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ನಾನು ಬೇಕೆಂದೇ ಹಿಂದೆ ಕೂತೆ.

ಆಮೇಲೆ ದಿನಾ ಬರೆದ. ಉಂಡ್ಯಾ? ಜೀಪು ರಿಪೇರಿ, ತಡ ಆಗ್ತದ. ಸೇವಂತಿ ತರ್ಲಾ? ಸೊಸೆ ಒಂದೊಂದನ್ನೂ ತಂದು ನನಗೆ ಓದಿ ಹೇಳುತ್ತಿದ್ದಳು. ಒಲೆ ಮುಂದೆ ನಾವಿಬ್ಬರೂ ಮಾತಾಡುವುದು ಹೆಚ್ಚಾಯಿತು. ಹನ್ನೆರಡು ದಿನ ಹೀಗೆ ನಡೆಯಿತು.

ಹದಿಮೂರನೇ ದಿನ ಅವಳು ದಿಂಡಿಗಲ್ಲಿಗೆ ಹೋದಳು. ತಾಯಿಗೆ ಕಣ್ಣಿನ ಆಪರೇಷನ್. ಅಲ್ಲಿ ಪಕ್ಕದ ಮನೆಯ ಬಸುರಿಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ಬೀದಿಯ ಹೆಂಗಸರನ್ನೆಲ್ಲ ಕರೆದರು, ಇವಳನ್ನು ಕರೆಯಲಿಲ್ಲ. ಗೋಡೆಯಾಚೆ ಬಳೆ ಸದ್ದು ಕೇಳುತ್ತಾ ಕೂತು ಗಂಡನಿಗೆ ಉದ್ದಕ್ಕೆ ಬರೆದಳು. ಕೂಸು ಹೋದ ದಿನದಿಂದ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಬರೆದಳು. ಕೊನೆಗೆ, ನಾನೇನು ಮಾಡಲಿ, ನೀವೇ ಹೇಳಿ ಎಂದು ಕೇಳಿದ್ದಳು.

ನನ್ನ ಮಗ ಏಲಕ್ಕಿ ತೋಟಕ್ಕೆ ಕೂಲಿ ಹೆಂಗಸರನ್ನು ಜೀಪಿನಲ್ಲಿ ಕರೆದೊಯ್ಯುವವನು. ಅವತ್ತು ಬೋಡಿಮೆಟ್ಟಿನ ಘಾಟಿ ಹತ್ತುವ ಮೊದಲು ಜೀಪು ನಿಲ್ಲಿಸಿ ಓದಿದ. ಹಿಂದಿನಿಂದ ಹೆಂಗಸರು "ಕಿಳಂಬುಪ್ಪಾ, ಹೊರಡು, ಹೊತ್ತಾಯ್ತು" ಎಂದು ಕೂಗುತ್ತಿದ್ದರು. ಅವಳು ಅಳುತ್ತಿದ್ದಾಳೆ ಎಂದಷ್ಟೇ ಅವನಿಗೆ ತಿಳಿಯಿತು. ಮನೆಯಲ್ಲಿ ಅಳುವವರಿಗೆ ಏನು ಹೇಳುತ್ತೇವೋ ಅದನ್ನೇ ಬರೆದ. ಸಾಕು. ಒಂದೇ ಮಾತು. ಬರೆದು ಘಾಟಿ ಹತ್ತಿದ. ಮೇಲೆ ಫೋನು ಹತ್ತುವುದಿಲ್ಲ.

ನಾವು ಕನ್ನಡ ಮಾತಾಡುತ್ತೇವೆ, ಅದರ ಅಕ್ಷರ ಕಂಡವರಲ್ಲ. ಬರೆಯಬೇಕಾದರೆ ಆ ಮಾತನ್ನೇ ತಮಿಳಿನ ಅಕ್ಷರದಲ್ಲಿ ಬರೆಯುತ್ತೇವೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಸಾಕು ಎಂದು ಬರೆದದ್ದನ್ನು ಸಾಗು ಎಂದು ಓದಬಹುದು. ಸೊಸೆ ತಮಿಳು ಮನೆಯವಳು. ತಮಿಳಿನಲ್ಲಿ ಸಾಗು ಎಂದರೆ ಸಾಯಿ.

ನಾನೇನು ಮಾಡಲಿ ಎಂದು ಕೇಳಿದವಳಿಗೆ ಆ ಉತ್ತರ ಹೋಯಿತು.

ಒಂಬತ್ತು ಸಲ ಫೋನು ಮಾಡಿದಳಂತೆ. ಸಂಜೆ ಘಾಟಿ ಇಳಿದು ಇವನು ಮಾಡಿದಾಗ ಎತ್ತಿದ್ದು ಅವಳ ತಮ್ಮ ಸತೀಶ್‌ಕುಮಾರ್. "ಮಾಮಾ, ನಮ್ಮ ಅಕ್ಕನ್ನ ಸಾಯಿ ಅಂತೀಯಾ? ಮಧ್ಯಾಹ್ನದಿಂದ ಬಾಗ್ಲು ತೆಗ್ದಿರ್ಲಿಲ್ಲ. ಒಡ್ದು ಈಚೆ ತಂದಿದೀವಿ. ಇನ್ನು ಈ ನಂಬರಿಗೆ ಮಾಡ್ಬೇಡ."

ಮೊದಲೇ ಗೊತ್ತಾಗಿದ್ದ ದಿನಕ್ಕೆ, ಮೂರನೇ ಸಲ, ನಾವಿಬ್ಬರು ಬೋಡಿಯಿಂದ ಹೋದೆವು, ಅಕ್ಕ ತಮ್ಮ ದಿಂಡಿಗಲ್ಲಿನಿಂದ ಬಂದರು. ಸತೀಶ್‌ಕುಮಾರ್ ಫೋನನ್ನು ಮೇಜಿನ ಮೇಲಿಟ್ಟ. ತಿಲಗವತಿ ಓದಿದಳು. ಅವಳೂ ತಮಿಳಿನವಳಲ್ಲವೇ, ಮುಖ ಕಪ್ಪಿಟ್ಟಿತು.

"ಹಂಗ ಬರೀಲಿಲ್ಲ ಮೇಡಮ್..." ಎಂದ ಮಗ. ಸಾಕು ಎನ್ನುವುದಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ ಎಂಬುದೇ ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ನಾನು ಎದ್ದು, ಮೇಜಿನ ಮೇಲೆ ಊಟದೆಲೆ ಇದ್ದಂತೆ ಮಾಡಿ, ಅದಕ್ಕೆ ಅಂಗೈ ಅಡ್ಡ ಹಿಡಿದೆ. "ಇದು. ಸೋರು ಹಾಕ್ವಾಗ ಹೇಳ್ತೀವಲ್ಲ, ಇದು."

"ಪೋದುಂ" ಎಂದಳು ತಿಲಗವತಿ. ಕಣ್ಣೊರೆಸಿಕೊಂಡಳು. ಸತೀಶ್‌ಕುಮಾರ್ ತಲೆ ತಗ್ಗಿಸಿದ. ಎಲ್ಲ ಸರಿಹೋಯಿತು ಎಂದುಕೊಂಡೆ. ನಾಲ್ವರೂ ಕೆಳಗಿಳಿದು ಒಟ್ಟಿಗೆ ಉಣ್ಣುವುದನ್ನೂ ಯೋಚಿಸಿದೆ.

"ನಂಗ ಗೊತ್ತು ಅತ್ತೆ" ಎಂದಳು ಕಲೈಸೆಲ್ವಿ. ನಮ್ಮ ಮಾತು ಅವಳಿಗೆ ತಿಳಿಯುತ್ತದೆ, ಆಡುವುದು ಕಮ್ಮಿ. ಅವತ್ತು ಅದರಲ್ಲೇ ಆಡಿದಳು. "ಮೂರು ವರ್ಷ ದಿನಾ ಕೇಳಿದ ಮಾತು. ಅವತ್ತು ನೆಪ್ಪಿಗೇ ಬರ್ಲಿಲ್ಲ. ಸಾಯಿ ಅಂತ ಓದ್ದೆ, ಹಂಗೇ ನಂಬ್ದೆ. ಆಶ್ಚರ್ಯಾನೂ ಆಗ್ಲಿಲ್ಲ. ಕಡೀಗೂ ಬಾಯ್ಬಿಟ್ಟು ಹೇಳ್ದ ಅನ್ಸಿತ್ತು."

ಅವಳು ಗಂಡನ ಕಡೆ ತಿರುಗಿದಳು.

"ಸಾಕು ಅಂತಲೇ ಇರ್ಲಿ. ಏನು ಸಾಕು? ಕೂಸು ಹೋದ ಮೇಲೆ ಒಂದೇ ಸಲ ಎಲ್ಲಾ ಹೇಳ್ಕಂಡೆ. ಅದೂ ಸಾಕಾ?"

ನನ್ನ ಅಂಗೈ ಇನ್ನೂ ಮೇಜಿನ ಮೇಲಿತ್ತು. ಹಿಂದಕ್ಕೆ ಎಳೆದುಕೊಂಡೆ.

ತಿಲಗವತಿ ನನ್ನ ಮಗನ ಕಡೆ ತಿರುಗಿ, "ಪದ ಸರಿ ಮಾಡೋಕೆ ಒಂದು ಗಳಿಗೆ ಸಾಕಾಯ್ತು ತಂಬಿ. ಅವಳು ನಂಬಿದಳಲ್ಲ, ಅದಕ್ಕೆ ಇನ್ನೂ ತುಂಬಾ ಸಲ ಕೂರಬೇಕು. ಮಂಗಳವಾರ ಬನ್ನಿ" ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ದಿಂಡಿಗಲ್ ಬಸ್ಸಿನ ಕಿಟಕಿ ಕೆಳಗೆ ವಿಘ್ನೇಶ್ವರನ್ ನಿಂತ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು, ಅಷ್ಟು ನನಗೆ ಕಂಡಿತು. ಅವನು ಕಿಟಕಿಯ ಕಂಬಿ ಹಿಡಿದುಕೊಂಡ, ಅಷ್ಟೇ. ಬಸ್ಸು ಹೊರಟಿತು. ಮಣಿಮೇಗಲೈ ಎಂದು ನಾನಾದರೂ ಒಂದು ಸಲ ಅವಳೆದುರು ಹೇಳಬಹುದಿತ್ತು. ನಾನೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಒಗೆದ ಸೀರೆ ಉಟ್ಟು ಕೂತಿದ್ದೆ. ಸತೀಶ್‌ಕುಮಾರ್ ನನಗೇ ಫೋನು ಮಾಡಿದ. "ಅಕ್ಕ ಬರಾದಿಲ್ಲಂತ ಅತ್ತೆ. ಇನ್ ಯಾವತ್ತೂ ಬರಾದಿಲ್ಲಂತ." ಮಗನಿಗೆ ಹೇಳಿದೆ. ಅವನು ಜೀಪಿನ ಕೀಲಿ ತೆಗೆದುಕೊಂಡು ಘಾಟಿಗೆ ಹೋದ.

ಸಂಜೆ ಬಂದು ಎಲೆ ಮುಂದೆ ಕೂತ. ನಾನು ಸೋರು ಹಾಕಿದೆ. ಇನ್ನೊಂದು ಸೌಟು ಹಾಕಿದೆ. ಅವನು ಅಂಗೈ ಅಡ್ಡ ಹಿಡಿದ, ಬಾಯಿ ತೆರೆಯಲಿಲ್ಲ. ಏನಾದರೂ ಹೇಳಲಿ ಎಂದು ನಾನು ಸೌಟು ಹಿಡಿದೇ ನಿಂತಿದ್ದೆ. ಬಿಸಿ ಸೋರು ಅವನ ಕೈಮೇಲೆ ಬಿತ್ತು. ಆಗಲೂ ಹೇಳಲಿಲ್ಲ.